ತಿಂಗಳ ಸೌದಾ ಮತ್ತು ಸರಕಾರದ ಅಂಕಿ

2025ರ ಅಕ್ಟೋಬರ್ ತಿಂಗಳ ಚಿಲ್ಲರೆ ಹಣದುಬ್ಬರ ಬರೇ ಶೇ. 0.25 ಎಂದು ಕೇಂದ್ರ ಸರಕಾರ ಪ್ರಕಟಿಸಿದಾಗ ಟಿ.ವಿ. ಚರ್ಚೆಗಳಲ್ಲಿ ಹಬ್ಬದ ಕಳೆಯಿತ್ತು. 2012ನ್ನು ಮೂಲವರ್ಷವಾಗಿಟ್ಟುಕೊಂಡ ಸರಣಿಯಲ್ಲಿ ಅದಕ್ಕಿಂತ ಕಡಿಮೆ ಅಂಕಿ ಅದುವರೆಗೆ ಬಂದಿರಲಿಲ್ಲ. ಆಹಾರದ ಬೆಲೆಯಂತೂ ಹಿಂದಿನ ವರ್ಷಕ್ಕಿಂತ ಶೇ. 5.02ರಷ್ಟು ಕೆಳಗೆ. ಹಾಗಾದರೆ ಉಲ್ಲಾಳದ ಕಿರಾಣಿ ಅಂಗಡಿಗಳಲ್ಲಿ ಸಾಲದ ಪುಸ್ತಕ ತೆಳ್ಳಗಾಗಬೇಕಿತ್ತಲ್ಲ? (ನಾನು ಹೇಳುತ್ತಿರುವುದು ದರ್ಗಾದ ಉಳ್ಳಾಲದ ಬಗ್ಗೆಯಲ್ಲ, ಬೆಂಗಳೂರಿನ ಕೆಂಗೇರಿ ಪಕ್ಕದ ಉಲ್ಲಾಳದ ಬಗ್ಗೆ.)

ಲೆಕ್ಕ ಸುಲಭವಿದೆ. 2024ರ ಅಕ್ಟೋಬರ್‌ನಲ್ಲಿ ಇದೇ ಆಹಾರದ ಹಣದುಬ್ಬರ ಶೇ. 10.87 ಇತ್ತು. ಅಂದರೆ 2023ರಲ್ಲಿ 100 ರೂಪಾಯಿಗೆ ಬಂದ ಸೌದಾ ಮರುವರ್ಷ 111 ರೂಪಾಯಿಯಾಯಿತು, ಅದರ ಮರುವರ್ಷ 105ಕ್ಕೆ ಇಳಿಯಿತು. ಈ 105ನ್ನು ಅಗ್ಗ ಎಂದು ಕರೆಯಲು 111ನ್ನು ಪಕ್ಕದಲ್ಲಿಟ್ಟುಕೊಳ್ಳಬೇಕು. 100ನ್ನು ನೆನಪಿಟ್ಟುಕೊಂಡ ಗೃಹಿಣಿಯನ್ನು ಯಾವ ಚರ್ಚೆಗೂ ಕರೆಯುವುದಿಲ್ಲ.

ನಂದಿನಿ ಹಾಲಿನ ಅರ್ಧ ಲೀಟರಿನ ನೀಲಿ ಪ್ಯಾಕೆಟನ್ನೇ ನೋಡಿ. 2024ರ ಜೂನ್‌ನಲ್ಲಿ 22 ರೂಪಾಯಿಯ ಪ್ಯಾಕೆಟ್ 24 ಆಯಿತು. ಬೆಲೆ ಏರಿಸಿಲ್ಲ, 50 ಮಿಲಿ ಹೆಚ್ಚು ಹಾಲು ಕೊಟ್ಟಿದ್ದೇವೆ ಎಂದರು. 2025ರ ಏಪ್ರಿಲ್ 1ರಂದು ಆ 50 ಮಿಲಿ ವಾಪಸ್ ಹೋಯಿತು, 24 ರೂಪಾಯಿ ಉಳಿಯಿತು. ರೈತನಿಗೆ ನ್ಯಾಯವಾದ ಬೆಲೆ ಸಿಗಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಈ ಕಣ್ಣುಮುಚ್ಚಾಲೆ ಯಾಕೆ? ಅಷ್ಟಕ್ಕೂ, ಹಾಲಿನ ದರ ಏರಿಸಲು ತೀರ್ಮಾನಿಸಿದ 2025ರ ಮಾರ್ಚ್ ತಿಂಗಳಲ್ಲೇ ವಿಧಾನಸಭೆ ಶಾಸಕರ ಮೂಲವೇತನವನ್ನು 40,000ದಿಂದ 80,000ಕ್ಕೆ ಏರಿಸುವ ಮಸೂದೆಯನ್ನು ಅಂಗೀಕರಿಸಿತ್ತು. ಬೆಲೆ ಏರಿದೆ ಎಂಬುದು ಅವರಿಗೂ ಗೊತ್ತಿದೆ ಎಂದಾಯಿತು.

ಇನ್ನು ಹೊಲಿಗೆ ಯಂತ್ರದ ಮುಂದೆ ಕೂರುವ ಹೆಣ್ಣುಮಕ್ಕಳ ವಿಷಯಕ್ಕೆ ಬರೋಣ. ಮೈಸೂರು ರಸ್ತೆ, ಪೀಣ್ಯದ ಗಾರ್ಮೆಂಟ್ಸ್‌ಗಳಿಗೆ ಬೆಳಗಾಗುವ ಮುಂಚೆ ಬುತ್ತಿ ಕಟ್ಟಿಕೊಂಡು ಹೊರಡುವವರು ಅವರು. ಬೆಲೆ ಸೂಚ್ಯಂಕ ಏರಿದಷ್ಟಕ್ಕೆ ಲೆಕ್ಕ ಹಾಕಿ, ಪ್ರತಿವರ್ಷ ಏಪ್ರಿಲ್ 1ರಿಂದ ಅವರ ಕನಿಷ್ಠ ಕೂಲಿಗೆ ತುಟ್ಟಿಭತ್ಯೆ ಸೇರಬೇಕು. ಇದು ದಾನವಲ್ಲ, ಇನಾಮೂ ಅಲ್ಲ. ಆಗಲೇ ಅಂಗಡಿಗೆ ಕೊಟ್ಟಾಗಿರುವ ದುಡ್ಡನ್ನು ತಡವಾಗಿ ತುಂಬಿಕೊಡುವ ವ್ಯವಸ್ಥೆ ಅಷ್ಟೆ. 2020ರ ಏಪ್ರಿಲ್‌ನಿಂದ ಸೇರಬೇಕಾಗಿದ್ದ ಮೊತ್ತ ತಿಂಗಳಿಗೆ 417 ರೂಪಾಯಿ 60 ಪೈಸೆ. ದಿನಕ್ಕೆ 16 ರೂಪಾಯಿ. ಕೊರೊನಾದ ಹೆಸರು ಹೇಳಿ ರಾಜ್ಯ ಸರಕಾರ ಜುಲೈಯಲ್ಲಿ ಆದೇಶ ಹೊರಡಿಸಿ ಅದನ್ನು 2021ರ ಮಾರ್ಚ್‌ವರೆಗೆ ಮುಂದೂಡಿತು. ಸೆಪ್ಟೆಂಬರ್‌ನಲ್ಲಿ ಹೈಕೋರ್ಟು ಬಾಕಿ ಸಮೇತ ಕೊಡಿ ಎಂದಿತು. ಆದರೂ 2021 ಮುಗಿಯುತ್ತಾ ಬಂದಾಗ 4 ಲಕ್ಷಕ್ಕೂ ಹೆಚ್ಚು ಕಾರ್ಮಿಕರಿಗೆ ಅದು ಸಿಕ್ಕಿರಲಿಲ್ಲ ಎಂದು ಅಮೆರಿಕದ ವರ್ಕರ್ ರೈಟ್ಸ್ ಕನ್ಸೋರ್ಷಿಯಂ ಹೇಳಬೇಕಾಯಿತು. ವಿದೇಶಿ ಬ್ರಾಂಡ್‌ಗಳ ಮೇಲೆ ಒತ್ತಡ ಬಂದ ಬಳಿಕ, 2022ರಲ್ಲಿ, ದೊಡ್ಡ ಕಾರ್ಖಾನೆಗಳು ಬಾಕಿ ಚುಕ್ತಾ ಮಾಡಲು ಮುಂದಾದವು.

ಆಗ ಆರ್ಡರ್‌ಗಳೇ ಇರಲಿಲ್ಲ, ಮಾಲೀಕರು ಏನು ಮಾಡಬೇಕಿತ್ತು ಎಂದು ಕೇಳುವವರಿದ್ದಾರೆ. ಸರಿ, ಕಷ್ಟವಿತ್ತು. ಆದರೆ ಆ ಕಷ್ಟಕಾಲದಲ್ಲಿ ಎಣ್ಣೆ, ಬೇಳೆ ತಮ್ಮ ಬೆಲೆ ಏರಿಕೆಯನ್ನು ಮುಂದೂಡಿದವೇ? ದಿನಕ್ಕೆ 16 ರೂಪಾಯಿಯ ಹೊರೆಯನ್ನು ಕಾರ್ಖಾನೆ ಹೊರಲಾರದು, ಅದರಲ್ಲಿ ದುಡಿಯುವವಳು ಹೊರಬಲ್ಲಳು ಎಂಬುದು ಯಾವ ಊರಿನ ಅರ್ಥಶಾಸ್ತ್ರ?

ಗೃಹಲಕ್ಷ್ಮಿಯ 2,000 ಬರುತ್ತದಲ್ಲ ಎಂಬ ಇನ್ನೊಂದು ವಾದವಿದೆ. ಆ ಯೋಜನೆಯನ್ನು ನಾನು ಬೆಂಬಲಿಸುತ್ತೇನೆ. ಆದರೆ 2023ರ ಆಗಸ್ಟ್‌ನಲ್ಲಿ ನಿಗದಿಯಾದ ಆ ಮೊತ್ತಕ್ಕೆ ಸೂಚ್ಯಂಕದ ನಂಟೇ ಇಲ್ಲ. ನೋಟು ಅಷ್ಟೇ ಇರುತ್ತದೆ, ಚೀಲ ಸಣ್ಣದಾಗುತ್ತದೆ. ಇನ್ನು ನಮ್ಮ ಜಮಾತಿನಲ್ಲಿ ಬಹಳ ಮಂದಿ ಮಾಡುವ ಕಸುಬುಗಳು, ಅಂದರೆ ಮೆಕ್ಯಾನಿಕ್, ಗುಜರಿ, ತಳ್ಳುಗಾಡಿ, ಇವಕ್ಕೆ ಯಾವ ತುಟ್ಟಿಭತ್ಯೆಯೂ ಇಲ್ಲ. ಕೆ.ಆರ್. ಮಾರ್ಕೆಟ್‌ನಿಂದ ನಸುಕಿನಲ್ಲಿ ಟೊಮೆಟೊ ತಂದು ಗಲ್ಲಿ ಸುತ್ತುವವನನ್ನು ಬೆಲೆ ಏರಿದಾಗ ಲೂಟಿಕೋರ ಎನ್ನುತ್ತಾರೆ. ಕೊಳೆತು ಹೋದದ್ದರ ನಷ್ಟ ಯಾರಿಗೆ ಎಂದು ಮಾತ್ರ ಕೇಳುವುದಿಲ್ಲ.

ಸೂಚ್ಯಂಕ ಪ್ರತಿ ತಿಂಗಳು ಬರುತ್ತದೆ. ಸರಕಾರಿ ನೌಕರರ ತುಟ್ಟಿಭತ್ಯೆಯನ್ನು ಜನವರಿ, ಜುಲೈ ಎಂದು ವರ್ಷಕ್ಕೆ ಎರಡು ಸಲ ಲೆಕ್ಕ ಹಾಕುತ್ತಾರೆ. ಹಾಗಿದ್ದ ಮೇಲೆ ಉಲ್ಲಾಳದಿಂದ ಬಸ್ ಹತ್ತುವ ಹೊಲಿಗೆಯವಳು ಯಾಕೆ ಏಪ್ರಿಲ್‌ವರೆಗೆ ಕಾಯಬೇಕು? ಮೂರು ತಿಂಗಳಿಗೊಮ್ಮೆ ಪರಿಷ್ಕರಿಸಿ, ಮೊತ್ತವನ್ನು ಕನ್ನಡದಲ್ಲಿ, ಸಾಧ್ಯವಿದ್ದಲ್ಲಿ ಉರ್ದುವಿನಲ್ಲೂ ಬರೆದು ಕಾರ್ಖಾನೆಯ ಗೇಟಿಗೆ ಅಂಟಿಸಲು ಕಾರ್ಮಿಕ ಇಲಾಖೆಗೆ ಇರುವ ಅಡ್ಡಿಯಾದರೂ ಏನು? ಅದನ್ನು ಇಲಾಖೆಯೇ ಹೇಳಲಿ.