ಆರೈಕೆ ಬೇಡದ ಅಂಗಳ, ಬೇಲಿ ದಾಟುವ ಬಳ್ಳಿ

ಮಲೆನಾಡಿನ ಮನೆಯಂಗಳದ ಸ್ವರೂಪ ಬದಲಾಗುತ್ತಿದೆ. ಸಗಣಿ ಸಾರಿಸಿ ಅಡಿಕೆ ಹರವುತ್ತಿದ್ದ ನೆಲಕ್ಕೆ ಸಿಮೆಂಟಿನ ಇಂಟರ್‌ಲಾಕ್ ಹಾಸು ಬಂದಿದೆ. ಅದರ ಅಂಚಿಗೆ ಮೆಕ್ಸಿಕನ್ ಹುಲ್ಲಿನ ಲಾನ್; ಲಾನಿನ ಆಚೆ ಹಳದಿ ಹೂವಿನ ವೆಡೇಲಿಯಾ. ದಾಸವಾಳ, ನಂದಿಬಟ್ಟಲು, ಗೋರಂಟೆಗಳಿದ್ದ ಬೇಲಿಯ ಸಾಲು ಮಾಯವಾಗುತ್ತಿದೆ. ರೆಸಾರ್ಟು, ಹೋಂಸ್ಟೇಗಳಲ್ಲಿ ಕಂಡ ಈ ಅಲಂಕಾರ ಈಗ ಸಣ್ಣ ತೋಟಗಾರನ ಮನೆಯಂಗಳವನ್ನೂ ತಲುಪಿದೆ. ಇವೆಲ್ಲ ಮಾರಾಟವಾಗುವುದು ಒಂದೇ ಮಾತಿನ ಬಲದಿಂದ: 'ಇದಕ್ಕೆ ಆರೈಕೆಯೇ ಬೇಡ.' ಆ ಮಾತು ಎಷ್ಟು ನಿಜ?

ಮೊದಲು ಹುಲ್ಲಿನ ಲೆಕ್ಕ ನೋಡಬೇಕು. ಒಂದು ಚದರ ಮೀಟರ್ ನೆಲದ ಮೇಲೆ ಒಂದು ಮಿಲಿಮೀಟರ್ ನೀರೆಂದರೆ ಒಂದು ಲೀಟರ್. ಬೇಸಿಗೆಯಲ್ಲಿ ಲಾನ್ ಹಸಿರಾಗಿ ಉಳಿಯಬೇಕಾದರೆ ದಿನಕ್ಕೆ ಸುಮಾರು 4ರಿಂದ 5 ಮಿಲಿಮೀಟರ್ ನೀರು ಬೇಕು. 100 ಚದರ ಮೀಟರಿಗೆ ಅದು 400ರಿಂದ 500 ಲೀಟರ್ ಆಗುತ್ತದೆ. 2019ರಲ್ಲಿ ಆರಂಭವಾದ ಜಲಜೀವನ ಮಿಷನ್ ಗ್ರಾಮೀಣ ಜನರಿಗೆ ತಲೆಗೆ ದಿನವೊಂದಕ್ಕೆ ನಿಗದಿ ಮಾಡಿದ್ದು 55 ಲೀಟರ್. ಅಂದರೆ ಏಳರಿಂದ ಒಂಬತ್ತು ಜನರ ಪಾಲಿನ ನೀರನ್ನು ಒಂದು ಸಣ್ಣ ಲಾನ್ ಕುಡಿಯುತ್ತದೆ. ಆಷಾಢದಲ್ಲಿ ಮನೆ ತೇಲುವಷ್ಟು ಮಳೆ ಸುರಿದರೂ ಶಿವರಾತ್ರಿ ಕಳೆಯುತ್ತಲೇ ಬಾವಿಯ ಹಗ್ಗ ಉದ್ದವಾಗುವ ಊರುಗಳಲ್ಲಿ ಇದಕ್ಕೆ ಅಲಂಕಾರವೆಂಬ ಹೆಸರು ಸಲ್ಲದು.

ವೆಡೇಲಿಯಾದ ಕಥೆ ಇದಕ್ಕಿಂತ ಗಂಭೀರವಾದದ್ದು. ಅದಕ್ಕೆ ನಿಜಕ್ಕೂ ಆರೈಕೆ ಬೇಡ. ನೆಲಕ್ಕೆ ತಗುಲಿದ ಗೆಣ್ಣುಗೆಣ್ಣಿನಲ್ಲೂ ಬೇರು ಬಿಡುತ್ತದೆ. ಅಂಗಳದಲ್ಲಿ ಹೆಚ್ಚಾಯಿತೆಂದು ಕತ್ತರಿಸಿ ಬೇಲಿಯಾಚೆ ಎಸೆದ ತುಂಡು ಅಲ್ಲಿಯೇ ಚಿಗುರುತ್ತದೆ. ಮಳೆನೀರಿನ ಸಂಗಡ ಹಳ್ಳಕ್ಕಿಳಿದ ತುಂಡು ಹಳ್ಳದ ದಂಡೆಯನ್ನು ಆವರಿಸುತ್ತದೆ. ಅದರ ದಟ್ಟ ಹಾಸಿನ ಕೆಳಗೆ ಒಂದೆಲಗ ಬೆಳೆಯದು, ಗರಿಕೆ ಬೆಳೆಯದು, ಕಾಡುಮರದ ಸಸಿ ತಲೆಯೆತ್ತದು. ಉಷ್ಣವಲಯದ ಅಮೆರಿಕದಿಂದ ಬಂದ ಈ ಬಳ್ಳಿ ಜಗತ್ತಿನ ಅತ್ಯಂತ ಕೆಟ್ಟ ನೂರು ಆಕ್ರಮಣಕಾರಿ ಜೀವಿಗಳ ಪಟ್ಟಿಯಲ್ಲಿದೆ.

ಹಿಂದಿನ ಅನುಭವದಿಂದ ಪಾಠ ಕಲಿಯದಿರುವುದೇ ವಿಷಾದದ ಸಂಗತಿ. ಲಂಟಾನ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಭಾರತಕ್ಕೆ ಬಂದದ್ದು ಚೆಲುವಾದ ಉದ್ಯಾನಗಿಡವಾಗಿ. ಕೆರೆಗಳನ್ನು ಮುಚ್ಚಿದ ಅಂತರಗಂಗೆಯೂ ಬಂದದ್ದು ಹೂವಿನ ಆಸೆಗೆ. ಇಂದು ಬಂಡೀಪುರದ ಕಾಡಿನೊಳಗೆ ಲಂಟಾನದ ಪೊದೆಗಳು ಹುಲ್ಲಿನ ಜಾಗವನ್ನು ನುಂಗಿವೆ. ಅದರ ಸೊಪ್ಪು ತಿಂದ ದನಗಳ ಯಕೃತ್ತು ಕೆಡುತ್ತದೆ, ಬಿಸಿಲಿಗೆ ಚರ್ಮ ಸುಲಿಯುತ್ತದೆ. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಲಂಟಾನದಿಂದ ಪೀಠೋಪಕರಣ ಮಾಡಿ ಜೀವನೋಪಾಯ ಕಂಡುಕೊಂಡರು. ಅದು ಅವರ ಜಾಣ್ಮೆಯೇ ಹೊರತು ಲಂಟಾನದ ಉಪಕಾರವಲ್ಲ.

ಆದ್ದರಿಂದ 'ಆರೈಕೆ ಬೇಡ' ಎಂಬ ಮಾತಿಗೆ ಎರಡು ಅರ್ಥಗಳಿವೆ. ಈ ಮಣ್ಣು, ಈ ಮಳೆ, ಈ ಬಿಸಿಲಿಗೆ ಒಗ್ಗಿದ್ದರಿಂದ ಆರೈಕೆ ಬೇಡದ ಗಿಡ ಒಂದು. ತಡೆಯುವವರೇ ಇಲ್ಲದ್ದರಿಂದ ಆರೈಕೆ ಬೇಡದ ಗಿಡ ಇನ್ನೊಂದು. ಮೊದಲನೆಯದು ಮನೆಯವರ ಶ್ರಮವನ್ನು ಉಳಿಸುತ್ತದೆ. ಎರಡನೆಯದು ಆ ಶ್ರಮವನ್ನು ಇಡೀ ಊರಿನ ತಲೆಗೆ, ಮುಂದಿನ ತಲೆಮಾರಿನ ತಲೆಗೆ ದಾಟಿಸುತ್ತದೆ.

ಇದಕ್ಕೆ ಒಂದು ಆಕ್ಷೇಪ ಏಳುವುದುಂಟು. ಮಲೆನಾಡಿನ ಹೆಂಗಸರು ಮಳೆಗಾಲದಲ್ಲಿ ಪ್ರೀತಿಯಿಂದ ಬೆಳೆಸುವ ಡೇರೆ ಹೂವೂ ಮೆಕ್ಸಿಕೋದಿಂದ ಬಂದದ್ದಲ್ಲವೇ? ನಿಜ. ಆದರೆ ಡೇರೆಯ ಗೆಡ್ಡೆಯನ್ನು ಜೋಪಾನ ಮಾಡದಿದ್ದರೆ ಅದು ಮರುವರ್ಷಕ್ಕೆ ಉಳಿಯುವುದೇ ಕಷ್ಟ. ಕಾಡನ್ನು ಆಕ್ರಮಿಸುವ ಮಾತು ದೂರ. ಗಿಡದ ಹುಟ್ಟೂರು ಯಾವುದೆಂಬುದು ಇಲ್ಲಿಯ ಪ್ರಶ್ನೆಯಲ್ಲ, ಅದು ಬೇಲಿ ದಾಟುತ್ತದೆಯೇ ಎಂಬುದು ಪ್ರಶ್ನೆ. ಲಂಟಾನದ ಹೂವಿಗೂ ಚಿಟ್ಟೆಗಳು ಬರುತ್ತವೆ ಎನ್ನುವವರಿದ್ದಾರೆ. ಬರುತ್ತವೆ, ಮಕರಂದ ಹೀರಿ ಹೋಗುತ್ತವೆ. ಆದರೆ ಚಿಟ್ಟೆಯ ಮರಿಹುಳುವಿಗೆ ತನ್ನದೇ ಆದ ಎಲೆ ಬೇಕು. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ಮೊಟ್ಟೆಯಿಡುವುದು ಈಶ್ವರಿ ಬಳ್ಳಿಯ ಜಾತಿಯ ಗಿಡಗಳ ಮೇಲೆ. ಕರಿಬೇವಿನ ಎಲೆ ತಿಂದು ಬೆಳೆಯುವ ಚಿಟ್ಟೆಗಳೂ ಇವೆ. ಲಾನಿನ ಮೇಲೆ ಅಂಥ ಅತಿಥಿಗಳಿಗೆ ಊಟವಿಲ್ಲ.

ಹಾಗಾದರೆ ನೆಡಬೇಕಾದದ್ದೇನು? ಕೆಂಪು ಗೊಂಚಲಿನ ಕೇಪಳ ಮಲೆನಾಡಿನ ಹುಳಿ ಮಣ್ಣಿಗೆ ಹೇಳಿ ಮಾಡಿಸಿದ ಪೊದೆ. ಅದನ್ನು ಸಿಮೆಂಟು ಗೋಡೆಗೆ ತಾಗಿಸಿ ನೆಡಬಾರದು. ಸುಣ್ಣದಂಶ ಇಳಿದು ಮಣ್ಣಿನ ಹುಳಿ ಕಡಿಮೆಯಾದರೆ ಎಲೆ ಹಳದಿಯಾಗುತ್ತದೆ. ಗುಡ್ಡದ ಅಂಚಿನ ಬಡ ಮಣ್ಣಿಗೆ ನೇರಳೆ ಹೂವಿನ ನೆಕ್ಕರಿಕ. ನೆರಳಿರುವ ಮೂಲೆಗೆ ನಂದಿಬಟ್ಟಲು. ದನಗಳು ಬಾಯಿ ಹಾಕದ ಬೇಲಿಗೆ ಲಕ್ಕಿ ಮತ್ತು ಆಡುಸೋಗೆ. ಬೇಲಿಗೆ ಹಬ್ಬಿಸಲು ಗೌರಿ ಹೂ. ಬೇಸಿಗೆಯಲ್ಲಿ ಅದು ನೆಲದೊಳಗಿನ ಗೆಡ್ಡೆಯಾಗಿ ಮಲಗಿರುತ್ತದೆ, ತೊಟ್ಟು ನೀರನ್ನೂ ಕೇಳದು. ಅದರ ಗೆಡ್ಡೆ ವಿಷವಾದ್ದರಿಂದ ಮಕ್ಕಳ ಕೈಗೆ ಸಿಗದಂತೆ ನೋಡಿಕೊಂಡರೆ ಸಾಕು.

ಇವಕ್ಕೆ ಹಣ ಬೇಕಿಲ್ಲ. ಮಳೆ ಹಿಡಿಯುವ ಹೊತ್ತಿಗೆ ನೆರೆಮನೆಯಿಂದ ನಂದಿಬಟ್ಟಲು, ಲಕ್ಕಿ, ಆಡುಸೋಗೆಗಳ ಬಲಿತ ಕಡ್ಡಿ ತಂದು ಊರಿದರೆ ಬೇರು ಬಿಡುತ್ತವೆ. ಬುಡಕ್ಕೆ ದರಕಿನ ಮುಚ್ಚಿಗೆ, ಮೊದಲ ಬೇಸಿಗೆಯಲ್ಲಿ ವಾರಕ್ಕೊಮ್ಮೆ ನೀರು, ವರ್ಷಕ್ಕೊಂದು ಸವರುವಿಕೆ: ಆರೈಕೆ ಇಷ್ಟೇ. ಕಾಡಿನಿಂದ ಬುಡಸಹಿತ ಕಿತ್ತು ತರುವುದು ಮಾತ್ರ ಸಲ್ಲದು. ಅಂಗಳಕ್ಕಾಗಿ ಕಾಡನ್ನು ಬರಿದು ಮಾಡುವುದು ಮತ್ತೊಂದು ಬಗೆಯ ಅತಿಕ್ರಮಣ.

ಈಗಾಗಲೇ ವೆಡೇಲಿಯಾ ಇರುವಲ್ಲಿ ಅದನ್ನು ಬೇರುಸಹಿತ ಕಿತ್ತು, ಕಲ್ಲಿನ ಮೇಲೆ ಪೂರ್ತಿ ಒಣಗಿಸಿಯೇ ಕೈಬಿಡಬೇಕು. ಹಳ್ಳಕ್ಕೆ, ರಸ್ತೆಬದಿಗೆ, ಸೊಪ್ಪಿನ ಬೆಟ್ಟಕ್ಕೆ ಒಂದು ತುಂಡೂ ಹೋಗಕೂಡದು. ಶಾಲೆಯ ಮಕ್ಕಳು ತಮ್ಮ ಊರಿನ ಹಳ್ಳದ ದಂಡೆಯನ್ನು ಒಮ್ಮೆ ನಡೆದು ನೋಡಿದರೆ ಆ ಬಳ್ಳಿ ಎಲ್ಲಿಯವರೆಗೆ ಬಂದಿದೆ ಎಂಬುದು ತಿಳಿಯುತ್ತದೆ. ಬೇಲಿಯೊಳಗಿನ ಅಂಗಳ ಮನೆಯವರದ್ದಿರಬಹುದು. ಬೇಲಿಯಾಚೆಯ ಹಳ್ಳ ಊರಿನದ್ದು, ಅದರಾಚೆಯ ಕಾಡು ಇನ್ನೂ ಹುಟ್ಟದವರದ್ದು.