ಬೆಲೆಪಟ್ಟಿಯಲ್ಲಿಲ್ಲದ ಸರಕು

2016ರ ಫೆಬ್ರವರಿ ಕೊನೆಯ ದಿನಗಳಲ್ಲಿ ಮುಂಬೈನ ಕಾಳಾ ಘೋಡಾದಲ್ಲಿದ್ದ ರಿದಮ್ ಹೌಸ್ ಎಂಬ ಸಂಗೀತದ ಅಂಗಡಿಗೆ ಜನ ಮುಗಿಬಿದ್ದರು. ಅಂಗಡಿ ಮುಚ್ಚುತ್ತಿತ್ತು, ಉಳಿದ ಸರಕು ರಿಯಾಯಿತಿಯಲ್ಲಿ ಖಾಲಿಯಾಗುತ್ತಿತ್ತು. ಕಾಲೇಜಿನ ದಿನಗಳಲ್ಲಿ ಇಲ್ಲಿ ಮೊದಲ ಕ್ಯಾಸೆಟ್ ಕೊಂಡವರು ಬಂದರು, ಫೋಟೊ ತೆಗೆದುಕೊಂಡರು, ಕಣ್ಣು ಒರೆಸಿಕೊಂಡರು. ಅವರ ದುಃಖ ಸುಳ್ಳಲ್ಲ. ಆದರೆ ಅವರಲ್ಲಿ ಅನೇಕರು ಆ ಹೊಸಿಲು ತುಳಿದು ವರ್ಷಗಳೇ ಆಗಿದ್ದವು ಎಂಬುದೂ ಸುಳ್ಳಲ್ಲ. ಒಂದು ಊರಿಗೆ ಬೇಕೇ ಬೇಕು ಅನ್ನಿಸುವ ಸಣ್ಣ ಅಂಗಡಿ ಗಿರಾಕಿಗಳಿಗೆ ಬೇಡವಾಗುವುದು ಹೇಗೆ? ಅದನ್ನು ಉಳಿಸುವುದಾದರೆ ಯಾರ ದುಡ್ಡಿನಿಂದ?

1940ರ ದಶಕದಲ್ಲಿ ಶುರುವಾದ ರಿದಮ್ ಹೌಸ್ ಜಹಾಂಗೀರ್ ಆರ್ಟ್ ಗ್ಯಾಲರಿಗೆ ಕೂಗಳತೆಯಲ್ಲಿತ್ತು. ಎಪ್ಪತ್ತೆಂಟು ಸುತ್ತಿನ ಗ್ರಾಮಫೋನ್ ಪ್ಲೇಟಿನಿಂದ ಎಲ್‌ಪಿ, ಕ್ಯಾಸೆಟ್, ಸಿಡಿ, ಡಿವಿಡಿಯವರೆಗೆ ಬದಲಾದ ಪ್ರತಿ ರೂಪವನ್ನೂ ಅದು ಮಾರಿತು. ಕಚೇರಿ, ನಾಟಕಗಳ ಟಿಕೆಟ್ಟೂ ಅಲ್ಲೇ ಸಿಗುತ್ತಿತ್ತು. ಕೊಳ್ಳುವ ಮೊದಲು ಕೇಳಿ ನೋಡಲು ಪುಟ್ಟ ಕೋಣೆಗಳಿದ್ದವು. ಕೇಳಿದ ಮೇಲೆ ಕೊಳ್ಳಲೇಬೇಕೆಂಬ ಒತ್ತಾಯವಿರಲಿಲ್ಲ. ಈ ಒಂದು ಸೌಕರ್ಯದಲ್ಲೇ ಅಂಥ ಅಂಗಡಿಗಳ ಹಿರಿಮೆಯೂ ಇತ್ತು, ಮುಂದಿನ ಕಷ್ಟದ ಬೀಜವೂ ಇತ್ತು. ಕೇಳಿಸುವುದು, ಹುಡುಕಿಕೊಡುವುದು, ಯಾವ ಮುದ್ರಣ ಒಳ್ಳೆಯದೆಂದು ಹೇಳುವುದು ಇವೆಲ್ಲಕ್ಕೂ ಶ್ರಮವಿತ್ತು, ಬೆಲೆಯಿರಲಿಲ್ಲ. ಅವುಗಳ ಖರ್ಚನ್ನು ಪ್ಲೇಟಿನ ಲಾಭವೇ ಹೊರುತ್ತಿತ್ತು.

ಆ ಲಾಭ ಇಂಟರ್ನೆಟ್ಟಿಗೂ ಮೊದಲೇ ಸೋರತೊಡಗಿತ್ತು. ಎಂಬತ್ತರ ದಶಕದಲ್ಲಿ ಟಿ-ಸೀರೀಸ್‌ನ ಗುಲ್ಶನ್ ಕುಮಾರ್ ಅಗ್ಗದ ಕ್ಯಾಸೆಟ್ಟುಗಳನ್ನು ಪಾನ್ ಬೀಡಾ ಅಂಗಡಿಗೂ ಕಿರಾಣಿ ಅಂಗಡಿಗೂ ಮುಟ್ಟಿಸಿದರು. ಹಾಡು ಸಿಗಲು ಸಂಗೀತದ ಅಂಗಡಿಯೇ ಆಗಬೇಕೆಂಬ ನಿಯಮ ಅಂದೇ ಮುರಿಯಿತು. ಆಮೇಲೆ ಕಳ್ಳ ಸಿಡಿ, ಡೌನ್‌ಲೋಡ್, ಸ್ಟ್ರೀಮಿಂಗ್. ದೊಡ್ಡ ಬಂಡವಾಳವೂ ತಾಳಲಿಲ್ಲ: ಮ್ಯೂಸಿಕ್ ವರ್ಲ್ಡ್ ಸರಣಿ 2013ರಲ್ಲಿ ಬಾಗಿಲು ಹಾಕಿತು.

ಬಾಡಿಗೆಯೇ ಕಾರಣವೆಂದು ಹಲವರು ಹೇಳುತ್ತಾರೆ. ಮುಂಬೈನಲ್ಲಿ ಅದು ಅರ್ಧ ಸತ್ಯ. ಕೋಟೆ, ಕಾಲ್ಬಾದೇವಿ, ಗಿರ್‌ಗಾಂವ್‌ಗಳ ಹಳೆಯ ಅಂಗಡಿಗಳಲ್ಲಿ ಅನೇಕವು ಪಗಡಿ ಪದ್ಧತಿಯವು. ಹಿಂದೆಂದೋ ಒಮ್ಮೆ ದೊಡ್ಡ ಮೊತ್ತ ಕೊಟ್ಟು ಹಕ್ಕು ಪಡೆದವರ ವಾರಸುದಾರರು ಇಂದಿಗೂ ಹೆಸರಿಗಷ್ಟೇ ಬಾಡಿಗೆ ಕಟ್ಟುತ್ತಾರೆ. 1999ರ ಮಹಾರಾಷ್ಟ್ರ ಬಾಡಿಗೆ ನಿಯಂತ್ರಣ ಕಾಯ್ದೆ ಬ್ಯಾಂಕುಗಳನ್ನೂ ಒಂದು ಕೋಟಿ ರೂಪಾಯಿ ಅಥವಾ ಅದಕ್ಕೂ ಹೆಚ್ಚು ಪಾವತಿ ಬಂಡವಾಳದ ಕಂಪನಿಗಳನ್ನೂ ಈ ರಕ್ಷಣೆಯಿಂದ ಹೊರಗಿಟ್ಟು, ಸಣ್ಣ ಬಾಡಿಗೆದಾರರಿಗೆ ಅದನ್ನು ಉಳಿಸಿತು. ಊರಿನ ನೂರಾರು ಹಳೆಯ ಕಸುಬುಗಳು ಇನ್ನೂ ಉಸಿರಾಡುತ್ತಿರುವುದು ಈ ನೆರಳಿನಲ್ಲಿ. ಹೊಸದಾಗಿ ಅಂಗಡಿ ತೆರೆಯುವವರಿಗೆ ಮಾತ್ರ ಆ ನೆರಳಿಲ್ಲ. ಅವರು ಮೊದಲ ತಿಂಗಳಿಂದಲೇ ಪೇಟೆ ದರ ತೆರಬೇಕು.

ಆದರೆ ಸ್ವಂತ ಜಾಗವಿದ್ದರೂ ಸಾಲದು. ರಿದಮ್ ಹೌಸ್ ಇದ್ದ ಜಾಗ 2017ರಲ್ಲಿ ಕೋಟಿಗಟ್ಟಲೆ ಬೆಲೆಗೆ ವಜ್ರ ವ್ಯಾಪಾರಿ ನೀರವ್ ಮೋದಿಯ ಕಂಪನಿಗೆ ಮಾರಾಟವಾಯಿತು. ಮರುವರ್ಷ ಬ್ಯಾಂಕ್ ವಂಚನೆ ಬಯಲಾದಾಗ ಜಾರಿ ನಿರ್ದೇಶನಾಲಯ ಅದನ್ನು ವಶಕ್ಕೆ ತೆಗೆದುಕೊಂಡಿತು. ಊರಿನ ಅತಿ ಚೆಂದದ ತಿರುವೊಂದರಲ್ಲಿ ಆ ಬಾಗಿಲು ವರ್ಷಗಟ್ಟಲೆ ಬೀಗ ಹಾಕಿಕೊಂಡು ನಿಂತಿತು. ಕೆಳಗಿನ ನೆಲ ಮೇಲಿನ ವ್ಯಾಪಾರಕ್ಕಿಂತ ಎಷ್ಟೋ ಪಟ್ಟು ಬೆಲೆಬಾಳುವ ಊರಿನಲ್ಲಿ, ಅಂಗಡಿಯನ್ನು ನಡೆಸುತ್ತ ಹೋಗುವುದೆಂದರೆ ಪ್ರತಿದಿನವೂ ಒಂದು ತ್ಯಾಗ. ಅದನ್ನು ಒಂದು ಕುಟುಂಬದಿಂದ ತಲೆಮಾರುಗಟ್ಟಲೆ ನಿರೀಕ್ಷಿಸುವುದು ನ್ಯಾಯವಲ್ಲ.

ಅಲ್ಲಿಂದ ನಡೆದುಹೋಗುವಷ್ಟು ದೂರದಲ್ಲಿದ್ದ ಸ್ಟ್ರ್ಯಾಂಡ್ ಬುಕ್ ಸ್ಟಾಲ್ ರಿದಮ್ ಹೌಸ್ ಮುಚ್ಚಿದ ಎರಡು ವರ್ಷಗಳ ನಂತರ, ಅದೂ ಫೆಬ್ರವರಿಯಲ್ಲೇ, ಮುಚ್ಚಿತು. 1948ರಲ್ಲಿ ಕೊಲಾಬಾದ ಸ್ಟ್ರ್ಯಾಂಡ್ ಚಿತ್ರಮಂದಿರದ ಒಂದು ಮೂಲೆಯಲ್ಲಿ ಅದನ್ನು ತೆರೆದ ಟಿ.ಎನ್. ಶಾನಭಾಗರನ್ನು, ಬೆಂಗಳೂರಿನ ಪ್ರೀಮಿಯರ್ ಬುಕ್ ಶಾಪಿನ ಟಿ.ಎಸ್. ಶಾನಭಾಗರ ಬಂಧುವೆಂದು ಕನ್ನಡ ಓದುಗರೂ ಬಲ್ಲರು. ಕೊಂಡ ಪ್ರತಿ ಪುಸ್ತಕಕ್ಕೂ ಶೇ. 20 ರಿಯಾಯಿತಿ ಕೊಡುವುದು ಸ್ಟ್ರ್ಯಾಂಡಿನ ವ್ರತದಂತಿತ್ತು. ಆನ್‌ಲೈನ್ ದೈತ್ಯರು ಅದಕ್ಕಿಂತ ದೊಡ್ಡ ರಿಯಾಯಿತಿ ಕೊಡತೊಡಗಿದ ದಿನ ಆ ವ್ರತದ ಬಲ ಕುಂದಿತು. ಬೆಲೆಯ ಪಂದ್ಯಕ್ಕೆ ಇಳಿದರೆ ಸಣ್ಣವನು ಸೋಲುತ್ತಾನೆ, ಅವನು ಎಷ್ಟೇ ಉದಾರಿಯಾಗಿದ್ದರೂ.

ಫ್ರಾನ್ಸ್ ಇದನ್ನು ಬೇಗ ಗುರುತಿಸಿತು. ಅಲ್ಲಿನ ಸಂಸ್ಕೃತಿ ಸಚಿವ ಜಾಕ್ ಲ್ಯಾಂಗ್ ಅವರ ಹೆಸರಿನ 1981ರ ಕಾನೂನು ಹೊಸ ಪುಸ್ತಕಗಳ ಮೇಲಿನ ರಿಯಾಯಿತಿಯನ್ನು ಶೇ. 5ಕ್ಕೆ ಕಟ್ಟಿಹಾಕಿತು. ಸಂಗೀತದ ಮುದ್ರಿಕೆಗಳಿಗೆ ಆ ಆಸರೆ ಸಿಗಲಿಲ್ಲ. ಪುಸ್ತಕದಂಗಡಿಗಳು ಅಲ್ಲಿ ದಟ್ಟವಾಗಿ ಉಳಿದವು, ರೆಕಾರ್ಡಿನ ಸಣ್ಣ ಅಂಗಡಿಗಳು ದೊಡ್ಡ ಮಳಿಗೆಗಳ ಮುಂದೆ ಕರಗಿದವು. ಪೇಟೆಯ ಗತಿ ವಿಧಿಲಿಖಿತ ಎನ್ನುವವರು ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಬೇಕು.

ಎಲ್ಲ ಹಾಡೂ ಮೊಬೈಲಿನಲ್ಲೇ ಇರುವಾಗ ಅಂಗಡಿ ಏಕೆ ಎಂಬ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಧಾರವಾಡದ ಕಡೆಯಿಂದ ಅದಕ್ಕೊಂದು ಉತ್ತರ ಸಿಗುತ್ತದೆ. ಗಂಗೂಬಾಯಿ ಹಾನಗಲ್ ಅವರ 1930ರ ದಶಕದ ಆರಂಭದ ಎಚ್‌ಎಂವಿ ಪ್ಲೇಟುಗಳು ಬಂದದ್ದು ಗಾಂಧಾರಿ ಎಂಬ ಹೆಸರಿನಲ್ಲಿ. ತಗ್ಗಿದ ಗಂಡುದನಿಯಂಥ ಆ ಪ್ರಸಿದ್ಧ ಕಂಠವಲ್ಲ ಅದು. ಗಂಟಲಿನ ಚಿಕಿತ್ಸೆಗೆ ಮುಂಚಿನ, ಎಳೆಯ, ಎತ್ತರದ ಕಂಠ. ಗಂಗೂಬಾಯಿ ಎಂದಷ್ಟೇ ಹುಡುಕುವವನಿಗೆ ಅದು ಸಿಗದೇ ಹೋಗಬಹುದು. ಲೇಬಲ್ ನೋಡಿ ಬಲ್ಲವನು ಹೇಳಬೇಕು. 1990ರಲ್ಲಿ ಮುಂಬೈನಲ್ಲಿ ಹುಟ್ಟಿದ ಸೊಸೈಟಿ ಆಫ್ ಇಂಡಿಯನ್ ರೆಕಾರ್ಡ್ ಕಲೆಕ್ಟರ್ಸ್ ಇಂಥ ತಿಳಿವಳಿಕೆಯನ್ನು ಸಭೆ ಸೇರಿ ಕೇಳಿಸುತ್ತ, ಪತ್ರಿಕೆಯಲ್ಲಿ ದಾಖಲಿಸುತ್ತ ಬಂದಿತು. ಸಂಗ್ರಾಹಕರ ಕೈಗೆ ಹಳೆಯ ಪ್ಲೇಟುಗಳು ಬರುವ ದಾರಿಗಳಲ್ಲಿ ಚೋರ್ ಬಜಾರಿನ ಮಟನ್ ಸ್ಟ್ರೀಟೂ ಕೋಟೆಯ ಫುಟ್‌ಪಾತೂ ದೊಡ್ಡವು. ಮನೆ ಖಾಲಿ ಮಾಡುವವರ ಗುಜರಿಯಿಂದ ಮೂರು ನಿಮಿಷದ ಒಂದು ಖಯಾಲನ್ನು ಎತ್ತಿಟ್ಟು, ಧೂಳು ಒರೆಸಿ, ಬೇಕಾದವರು ಬರುವವರೆಗೆ ಕಾಯುವ ಅಂಗಡಿಯವನು ಸಂಬಳವಿಲ್ಲದ ಪತ್ರಾಗಾರ ನಡೆಸುತ್ತಿದ್ದಾನೆ. ಅವನ ಅಂಗಡಿ ಹೋದರೆ ಆ ಪ್ಲೇಟು ಗುಜರಿಯಲ್ಲೇ ಪುಡಿಯಾಗುತ್ತದೆ.

ಸರಕು ಬದಲಿಸಿಕೊಂಡು ಉಳಿಯುವುದು ಒಂದು ದಾರಿ. ಬೆಂಗಳೂರಿನ ಸಂಗೀತಾ 1974ರಲ್ಲಿ ಗ್ರಾಮಫೋನ್ ರೆಕಾರ್ಡಿನ ಅಂಗಡಿಯಾಗಿ ಶುರುವಾಯಿತು. ಈಗ ಅದು ಮೊಬೈಲ್ ಮಾರುವ ದೊಡ್ಡ ಸರಣಿ. ವ್ಯಾಪಾರವಾಗಿ ಅದು ಮೆಚ್ಚತಕ್ಕ ಗೆಲುವು. ಆದರೆ ಅಲ್ಲಿ ಉಳಿದದ್ದು ಸಂಸ್ಥೆ, ರೆಕಾರ್ಡಿನ ಅಂಗಡಿಯಲ್ಲ. ಮಾಹಿಮ್‌ನ ರಿವಾಲ್ವರ್ ಕ್ಲಬ್ ಹಿಡಿದ ದಾರಿ ಬೇರೆ: ಎಲ್‌ಪಿಯ ಜೊತೆಗೆ ಟರ್ನ್‌ಟೇಬಲ್, ಸ್ಪೀಕರ್‌ಗಳ ಮಾರಾಟ, ಒಟ್ಟಿಗೆ ಕೂತು ಕೇಳುವ ಕೂಟಗಳು. ಕೇಳಿಸುವ ಕೆಲಸವನ್ನು ಬದಿಗೆ ತಳ್ಳದೆ ಅಂಗಡಿಯ ನಡುವಿಗೆ ತಂದದ್ದರಲ್ಲಿ ಜಾಣತನವಿದೆ.

ಎಲ್‌ಪಿ ಮತ್ತೆ ಬಂತಲ್ಲ ಎಂದು ಸಮಾಧಾನ ಪಡುವವರಿದ್ದಾರೆ. ಅಮೆರಿಕದಲ್ಲಿ 2022ರಲ್ಲಿ ಸುಮಾರು 4.1 ಕೋಟಿ ಎಲ್‌ಪಿಗಳು ಮಾರಾಟವಾಗಿ, 1987ರ ನಂತರ ಮೊದಲ ಸಲ ಸಿಡಿಗಳ ಸಂಖ್ಯೆಯನ್ನು ಮೀರಿದವು. ಆದರೆ ಇಲ್ಲಿ ಆಮದಾದ ಹೊಸ ಎಲ್‌ಪಿಯ ಬೆಲೆ ಸುಲಭವಾಗಿ ಎರಡು ಸಾವಿರ ರೂಪಾಯಿ ದಾಟುತ್ತದೆ. ಡೊಂಬಿವಲಿಯಿಂದ ಲೋಕಲ್ ಹಿಡಿದು ಬರುವ ವಿದ್ಯಾರ್ಥಿಗೆ ಅದು ಕೈಗೆಟುಕುವುದಿಲ್ಲ. ಜೊತೆಗೆ, ಮುಂಬೈನ ಅಂಗಡಿಯ ಪ್ರಾಣ ಆ ಲೋಕಲ್‌ನಲ್ಲೇ ಇದೆ. 2020ರ ಮಾರ್ಚಿನಲ್ಲಿ ನಿಂತ ರೈಲು ಜನಸಾಮಾನ್ಯರಿಗೆ ಮತ್ತೆ ತೆರೆದದ್ದು 2021ರ ಫೆಬ್ರವರಿಯಲ್ಲಿ, ಅದೂ ಗೊತ್ತುಪಡಿಸಿದ ಹೊತ್ತಿನಲ್ಲಿ. ಏಪ್ರಿಲ್‌ನಲ್ಲಿ ಮತ್ತೆ ನಿರ್ಬಂಧ. ಅಷ್ಟು ಕಾಲ ಗಿರಾಕಿಯಿಲ್ಲದೆ ಬಾಗಿಲು ಕಾಯುವ ಶಕ್ತಿ ಎಷ್ಟು ಸಣ್ಣ ಅಂಗಡಿಗಳಿಗಿದೆ?

ಹಾಗಾದರೆ ದುಡ್ಡು ಎಲ್ಲಿಂದ ಬರಬೇಕು? ಕೇಳಿಸುವ ಕೆಲಸಕ್ಕೇ ನೇರವಾಗಿ ಬೆಲೆ ಕಟ್ಟುವುದರಿಂದ. ನೂರು ಮಂದಿ ತಿಂಗಳಿಗೆ 500 ರೂಪಾಯಿಯಂತೆ ಸದಸ್ಯರಾದರೆ 50,000 ರೂಪಾಯಿ: ಒಬ್ಬ ಸಹಾಯಕನ ಸಂಬಳ, ಕರೆಂಟು, ಸೂಜಿ ರಿಪೇರಿ ಅಷ್ಟರಲ್ಲಿ ಸಾಗುತ್ತದೆ. ಪ್ರತಿಯಾಗಿ ಅವರಿಗೆ ವಾರಕ್ಕೊಂದು ಸಂಜೆ ಕೇಳುವ ಕೂಟ, ಹಳೆಯ ಪ್ಲೇಟನ್ನು ಡಿಜಿಟಲ್ ಮಾಡಿಸಿಕೊಳ್ಳುವ ಅನುಕೂಲ, ಹೊಸದಾಗಿ ಬಂದ ಹಳೆಯ ಸರಕಿನಲ್ಲಿ ಮೊದಲ ಆಯ್ಕೆ. ಕೂಟಗಳಿಗೆ ಜಾಗವೂ ಹೊಸದಾಗಿ ಹುಡುಕಬೇಕಿಲ್ಲ. ಮಾಟುಂಗದ ಮೈಸೂರು ಅಸೋಸಿಯೇಷನ್, ಮಾಹಿಮ್‌ನ ಕರ್ನಾಟಕ ಸಂಘದಂಥ ಸಂಸ್ಥೆಗಳ ಸಭಾಂಗಣಗಳಲ್ಲಿ ಒಂದು ಭಾನುವಾರ ಗಾಂಧಾರಿಯ ಪ್ಲೇಟು ತಿರುಗಿದರೆ ಅದು ಆ ಸಂಸ್ಥೆಗಳ ಕೆಲಸವೂ ಹೌದು, ಅಂಗಡಿಗೆ ಸಂಭಾವನೆಯೂ ಹೌದು. ಬಾಡಿಗೆಗೆ ಬೇಕಾದ್ದನ್ನು ಆಗ ಗಲ್ಲಾಪೆಟ್ಟಿಗೆ ದುಡಿಯಬೇಕು. ಅಷ್ಟನ್ನು ದುಡಿಯುವ ಅವಕಾಶ ಅದಕ್ಕಿರುತ್ತದೆ.