ಹರಳಿನ ನಡುಕದ ಲೆಕ್ಕ ಅಂಕೋಲೆಯಲ್ಲೂ ಆಗಬಹುದು

ಕೇಂದ್ರ ಸಚಿವ ಸಂಪುಟ 2023ರ ಏಪ್ರಿಲ್‌ನಲ್ಲಿ ಒಪ್ಪಿದ ರಾಷ್ಟ್ರೀಯ ಕ್ವಾಂಟಮ್ ಮಿಷನ್ನಿನ ಗಾತ್ರ 6,003 ಕೋಟಿ ರೂಪಾಯಿ. ಅದರ ನಾಲ್ಕು ಕೇಂದ್ರಗಳಲ್ಲಿ ಕ್ವಾಂಟಮ್ ಕಂಪ್ಯೂಟಿಂಗ್‌ನದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ದಕ್ಕಿದೆ. ಯೋಗ್ಯ ಜಾಗವೇ. ಆದರೆ ಅಲ್ಲಿಂದ ಐನೂರು ಕಿಲೋಮೀಟರ್ ದೂರದ ಕಾರವಾರ, ಅಂಕೋಲೆಗಳ ಬಿ.ಎಸ್ಸಿ. ತರಗತಿಗೆ ಇದರಲ್ಲಿ ಪಾಲೇನು ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಶೂನ್ಯಕ್ಕೂ ಇನ್ನೂರೆಪ್ಪತ್ತು ಡಿಗ್ರಿ ಕೆಳಗೆ ತಣಿಸಬೇಕಾದ ಯಂತ್ರ ಕರಾವಳಿಯ ಕಾಲೇಜಿಗೆ ಬರಲಾರದು, ಬರಬೇಕಾಗಿಯೂ ಇಲ್ಲ. ಕ್ವಾಂಟಮ್ ವಿಜ್ಞಾನದಲ್ಲಿ ಅಂಥ ಯಂತ್ರ ಬೇಡದ ಕವಲೂ ಒಂದಿದೆ: ಪರಮಾಣುಗಳ ಸಾಲಿನಲ್ಲಿ, ಹಾಳೆಯಲ್ಲಿ ಎಲೆಕ್ಟ್ರಾನ್ ಮತ್ತು ಹರಳಿನ ಕಂಪನ ಒಂದನ್ನೊಂದು ಹೇಗೆ ಎಳೆದಾಡುತ್ತವೆ ಎಂಬುದರ ಲೆಕ್ಕ. ಆ ಕಂಪನದ ಒಂದೊಂದು ಕಂತಿಗೆ ಫೋನಾನ್ ಎಂದು ಹೆಸರು. ಈ ಕವಲನ್ನು ಜಿಲ್ಲೆಯ ಕಾಲೇಜುಗಳಿಗೆ ಈಗಲೇ ತೆರೆಯಬಹುದು, ತೆರೆಯಬೇಕು ಎಂಬುದು ನನ್ನ ವಾದ.

ಎಲೆಕ್ಟ್ರಾನ್-ಫೋನಾನ್ ಎಳೆದಾಟದ ಈ ಸಮಸ್ಯೆಯ ಮೂಲ ಅಂಕೋಲೆಗೆ ಚೆನ್ನಾಗಿ ಗೊತ್ತಿರುವ ವಸ್ತುವಿನಲ್ಲೇ ಇದೆ. 1930ರಲ್ಲಿ ಈ ಊರು ಉಪ್ಪಿಗಾಗಿ ಕಾನೂನು ಮುರಿಯಿತು. ಅದಾದ ಮೂರೇ ವರ್ಷಕ್ಕೆ ಸೋವಿಯತ್ ವಿಜ್ಞಾನಿ ಲ್ಯಾಂಡೌ, ಉಪ್ಪಿನಂಥ ಹರಳಿನಲ್ಲಿ ಎಲೆಕ್ಟ್ರಾನ್ ತಾನೇ ತೋಡಿಕೊಂಡ ಗುಂಡಿಯಲ್ಲಿ ಸಿಕ್ಕಿಬೀಳಬಲ್ಲದು ಎಂದ. ಎಲೆಕ್ಟ್ರಾನ್‌ದು ಋಣ ವಿದ್ಯುತ್ತು. ಅದು ಹೋದಲ್ಲೆಲ್ಲ ಧನ ಅಯಾನುಗಳು ಹತ್ತಿರ ಸರಿಯುತ್ತವೆ, ಋಣ ಅಯಾನುಗಳು ದೂರ ಹೋಗುತ್ತವೆ. ಉಸುಕಿನಲ್ಲಿ ದೋಣಿ ಎಳೆದಂತೆ, ಮುಂದೆ ಹೋಗಬೇಕಾದರೆ ಎಲೆಕ್ಟ್ರಾನ್ ಈ ತಗ್ಗನ್ನೂ ಜೊತೆಗೆ ಎಳೆದೊಯ್ಯಬೇಕು. ಇಂಥ ಜೋಡಿಗೆ ಪೋಲರಾನ್ ಎನ್ನುತ್ತಾರೆ. ಮೂರು ಆಯಾಮದ ಗಟ್ಟಿಯಲ್ಲಿ ಎಷ್ಟೋ ಸಲ ಇದನ್ನು ಚಿಕ್ಕ ತಿದ್ದುಪಡಿ ಎಂದು ಬದಿಗಿಡಬಹುದು. ಒಂದೆರಡು ಆಯಾಮಕ್ಕೆ ಇಳಿದರೆ ಹಾಗಾಗುವುದಿಲ್ಲ. ಒಂಟಿ ಸಾಲಿನ ಲೋಹದಲ್ಲಿ ಪರಮಾಣುಗಳು ಜೋಡಿಜೋಡಿಯಾಗಿ ಹತ್ತಿರ ಬಂದು, ಲೋಹವೇ ಅವಾಹಕವಾಗಿಬಿಡಬಹುದು ಎಂದು ಭೌತವಿಜ್ಞಾನಿ ಪೈಯರ್ಲ್ಸ್ 1950ರ ದಶಕದಲ್ಲೇ ತೋರಿಸಿದ್ದ.

ಕರ್ನಾಟಕ ಈ ಕಥೆಯ ಹೊರಗಿಲ್ಲ. ಹಗುರ ಎಲೆಕ್ಟ್ರಾನ್ ಚುರುಕು, ಭಾರದ ಪರಮಾಣು ನಿಧಾನಿ, ಆದ್ದರಿಂದ ಎರಡರ ಲೆಕ್ಕವನ್ನು ಬೇರೆಬೇರೆ ಮಾಡಬಹುದು ಎಂಬ 1927ರ ಸೂತ್ರ ಬಾರ್ನ್ ಮತ್ತು ಓಪನ್‌ಹೈಮರ್ ಅವರದು. ಆ ಬಾರ್ನ್ 1935-36ರಲ್ಲಿ ಸಿ.ವಿ. ರಾಮನ್ ಕರೆಗೆ ಓಗೊಟ್ಟು ಬೆಂಗಳೂರಿಗೆ ಬಂದಿದ್ದರು. ಮುಂದೆ ಹರಳಿನ ಕಂಪನದ ವಿಚಾರದಲ್ಲೇ ಇಬ್ಬರಿಗೂ ಜಟಾಪಟಿ ಆಯಿತು, ಅದಿರಲಿ. ಒಂದೇ ಪರಮಾಣು ದಪ್ಪದ ಗ್ರಾಫೀನ್ ಹಾಳೆಯಲ್ಲಿ ಈ ಸೂತ್ರ ನಡೆಯುವುದಿಲ್ಲ ಎಂದು ಯುರೋಪಿನ ತಂಡವೊಂದು 2007ರಲ್ಲಿ ತೋರಿಸಿತು. ಮರುವರ್ಷ ಭಾರತೀಯ ವಿಜ್ಞಾನ ಸಂಸ್ಥೆಯ ಎ.ಕೆ. ಸೂದ್ ಅವರ ತಂಡ ಗ್ರಾಫೀನ್ ಟ್ರಾನ್ಸಿಸ್ಟರಿಗೆ ವಿದ್ಯುತ್ ಕೊಡುತ್ತ, ಲೇಸರ್ ಬೆಳಕು ಚದುರುವ ರಾಮನ್ ಪರಿಣಾಮದಿಂದಲೇ ಅದರ ಫೋನಾನ್ ಅಳೆಯಿತು. ಜಕ್ಕೂರಿನ ಜವಾಹರಲಾಲ್ ನೆಹರು ಕೇಂದ್ರದ ಉಮೇಶ್ ವಾಘ್ಮರೆ ಆ ಪ್ರಬಂಧದ ಸಹಲೇಖಕರು. ಗ್ರಾಫೀನಿನ ಈ ಕಂಪನ ಒಂದು ಸುತ್ತು ಮುಗಿಸಲು ಬೇಕಾದ್ದು ಸುಮಾರು 21 ಫೆಮ್ಟೊಸೆಕೆಂಡ್. ಎಲೆಕ್ಟ್ರಾನ್‌ಗಳು ಸುಧಾರಿಸಿಕೊಳ್ಳಲು ಅದರ ಹಲವು ಪಟ್ಟು ಸಮಯ ಹಿಡಿಯುತ್ತದೆ. ಹಿಂದೆ ಬೀಳುವುದು ಎಲೆಕ್ಟ್ರಾನೇ!

ಇಲ್ಲಿ ಮೊದಲ ಆಕ್ಷೇಪ ಏಳುತ್ತದೆ: ಇದಕ್ಕೆಲ್ಲ ವಿಜ್ಞಾನ ಸಂಸ್ಥೆಯಲ್ಲಿರುವ ಪರಮ್ ಪ್ರವೇಗದಂಥ, 3.3 ಪೆಟಾಫ್ಲಾಪ್ ವೇಗದ ಸೂಪರ್ ಕಂಪ್ಯೂಟರೇ ಬೇಡವೇ? ಲೆಕ್ಕ ಹಾಕಿ ನೋಡೋಣ. ಎರಡು ಪರಮಾಣು, ಒಂದು ಎಲೆಕ್ಟ್ರಾನ್, ಪ್ರತಿ ಪರಮಾಣುವಿನಲ್ಲಿ ಸೊನ್ನೆಯಿಂದ ಒಂಬತ್ತು ಫೋನಾನ್ ಎಂದಿಟ್ಟುಕೊಂಡರೆ ಒಟ್ಟು 200 ಸ್ಥಿತಿಗಳು. ಹಳೆಯ ಲ್ಯಾಪ್‌ಟಾಪಿಗೂ ಕ್ಷಣದ ಕೆಲಸ. ಆರು ಪರಮಾಣುಗಳಿಗೆ 60 ಲಕ್ಷ. ಕಾಲೇಜಿನ ಡೆಸ್ಕ್‌ಟಾಪ್ ತಾಳುತ್ತದೆ. ಹತ್ತಕ್ಕೆ ಏರಿದರೆ ಹತ್ತು ಸಾವಿರ ಕೋಟಿ ಸ್ಥಿತಿಗಳು. ಅವುಗಳ ಒಂದೇ ಪಟ್ಟಿಯನ್ನು ನೆನಪಿನಲ್ಲಿಡಲು 800 ಗಿಗಾಬೈಟ್ ಬೇಕು. ಇನ್ನೆರಡು ಪರಮಾಣು ಸೇರಿದರೆ ಬೇಡಿಕೆ ನೂರು ಪಟ್ಟನ್ನೂ ಮೀರುತ್ತದೆ, ಯಾವ ದೊಡ್ಡ ಯಂತ್ರವೂ ಹೆಚ್ಚು ದೂರ ಬರಲಾರದು. ಈ ಗೋಡೆ ದಾಟಿಸಿದ್ದು ಜಾಣ್ಮೆ. 1999ರಲ್ಲಿ ಭೌತವಿಜ್ಞಾನಿಗಳಾದ ಬೊಂಚಾ, ಟ್ರುಗ್ಮನ್ ಮತ್ತು ಸಂಗಡಿಗರು ಎಲೆಕ್ಟ್ರಾನಿನ ಆಸುಪಾಸಿನ, ನಿಜಕ್ಕೂ ಲೆಕ್ಕಕ್ಕೆ ಬರುವ ಸ್ಥಿತಿಗಳನ್ನಷ್ಟೇ ಆಯ್ದುಕೊಂಡು, ಕೊನೆಯಿಲ್ಲದ ಸಾಲಿನ ಪೋಲರಾನನ್ನೇ ಬಹಳ ನಿಖರವಾಗಿ ಬಿಡಿಸಿದರು. ಯಾವುದನ್ನು ಬಿಡಬೇಕೆಂಬ ವಿವೇಕ ಚಿಕ್ಕ ಲೆಕ್ಕ ಮಾಡಿ ಕೈ ಪಳಗಿದವರಿಗೇ ಬರುವುದು. ನಿಜವಾದ ವಸ್ತುಗಳ ಲೆಕ್ಕಕ್ಕೂ ಕ್ವಾಂಟಮ್ ಎಸ್ಪ್ರೆಸ್ಸೋದಂಥ ತಂತ್ರಾಂಶ ಪುಕ್ಕಟೆ ಸಿಗುತ್ತದೆ.

ಎರಡನೆಯ ಆಕ್ಷೇಪ ಹೆಚ್ಚು ಗಟ್ಟಿಯಾದದ್ದು: ಕಂಪ್ಯೂಟರ್ ಸಾಕು ಸರಿ, ಕಲಿಸುವವರು ಎಲ್ಲಿ? ಈ ಕೊರತೆಯನ್ನು ತಂತ್ರಾಂಶ ತುಂಬದು. ಅದಕ್ಕೇ ಮಿಷನ್ನಿನ ಹಣದ ಚಿಕ್ಕದೊಂದು ಪಾಲು ಜಿಲ್ಲಾ ಕಾಲೇಜುಗಳ ಅಧ್ಯಾಪಕರ ಬೇಸಿಗೆ ತರಬೇತಿಗೆ, ಸೂಪರ್ ಕಂಪ್ಯೂಟರಿನ ಖಾತೆಗಳಿಗೆ ಹೋಗಬೇಕು ಎನ್ನುವುದು. ಮಳೆಗಾಲದಲ್ಲಿ ವಿದ್ಯುತ್ ಕೈಕೊಟ್ಟರೂ ದೂರದ ಯಂತ್ರದಲ್ಲಿ ಲೆಕ್ಕ ಓಡುತ್ತಲೇ ಇರುತ್ತದೆ. (ಕೈಗಾ ಅಣುವಿದ್ಯುತ್ ಸ್ಥಾವರದ ನಾಲ್ಕು ಘಟಕಗಳು 880 ಮೆಗಾವಾಟ್ ಸಾಮರ್ಥ್ಯ ಹೊತ್ತು ನಿಂತ ತಾಲ್ಲೂಕಿನಲ್ಲಿ ಈ ಮಾತು ಆಡಬೇಕಾಗಿದೆ.) ಇನ್ನು, ಪ್ರಯೋಗವಿಲ್ಲದ ಲೆಕ್ಕ ಬರೀ ಆಟವಲ್ಲವೇ ಎಂಬವರೂ ಇದ್ದಾರೆ. ಗ್ರಾಫೀನಿನ ಅಳತೆಗಳು ಈಗಾಗಲೇ ಅಚ್ಚಾಗಿವೆ. ತನ್ನ ಲೆಕ್ಕವನ್ನು ಅವಕ್ಕೆ ತಾಳೆ ನೋಡಲು ವಿದ್ಯಾರ್ಥಿ ಲೇಸರ್ ಕೊಳ್ಳಬೇಕಿಲ್ಲ.

ಕಾಲೇಜು ಓದಿಗೆ ಎಷ್ಟೋ ಮಕ್ಕಳು ಘಟ್ಟ ಹತ್ತಬೇಕಾಗಿದ್ದ ಕಾಲದಲ್ಲಿ ದಿನಕರ ದೇಸಾಯಿಯವರು ಕೆನರಾ ವೆಲ್ಫೇರ್ ಟ್ರಸ್ಟ್ ಕಟ್ಟಿದರು. ಅಂಕೋಲೆಯ ಗೋಖಲೆ ಸೆಂಟಿನರಿ ಕಾಲೇಜು ಅದರದೇ ಫಲ. ಈಗ ಅಷ್ಟು ದೊಡ್ಡ ಸಾಹಸವೂ ಬೇಡ. ಎರಡು ಪರಮಾಣು, 200 ಸ್ಥಿತಿಗಳ ಆ ಲೆಕ್ಕವನ್ನು ಕೊನೆಯ ವರ್ಷದ ಭೌತಶಾಸ್ತ್ರ ಪ್ರಾಯೋಗಿಕಕ್ಕೆ ಸೇರಿಸುವುದು ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದ ಪಠ್ಯಕ್ರಮ ಮಂಡಳಿಯ ಕೈಯಲ್ಲೇ ಇದೆ. ಅದಕ್ಕೆ ದಿಲ್ಲಿಯ ಮಂಜೂರಾತಿ ಬೇಕಿಲ್ಲ.